ದರಪಟ್ಟಿ

ಡಾಕ್ಟರ್ ನಫೀಸಾ ಮೇಜಿನ ಮೇಲೆ ಬಿಡಿಸಿಟ್ಟ ಹಾಳೆ
ನನಗೆ ಹೊಸತಲ್ಲ.
ಅಡ್ಡಕ್ಕೆ ಕಿಲೋ, ಉದ್ದಕ್ಕೆ ರಕ್ತದ ಅಂಕಿ,
ಎರಡೂ ಕೂಡುವ ಚೌಕದಲ್ಲಿ ಎಷ್ಟು ಮದ್ದು, ಎಷ್ಟು ವಾರಕ್ಕೊಮ್ಮೆ.
ಇಪ್ಪತ್ತಾರು ವರ್ಷ ಇಂಥದ್ದನ್ನೇ ಕಿಸೆಯಲ್ಲಿ ಹೊತ್ತವನು ನಾನು:
ಅಡ್ಡಕ್ಕೆ ಸ್ಟೇಟ್‌ಬ್ಯಾಂಕ್, ಉದ್ದಕ್ಕೆ ತಲಪಾಡಿ,
ಬೆರಳಿಟ್ಟು ಇಳಿಸಿದರೆ ತೊಕ್ಕೊಟ್ಟಿಗೆ ಎಷ್ಟು, ಕಣ್ಣು ಮುಚ್ಚಿ ಹೇಳಿಯೇನು.

"ಈ ಇಂಜೆಕ್ಷನ್ ಎಲ್ಲರಿಗೂ ಕೊಡುವುದಲ್ಲ ದೇಜಪ್ಪನವರೇ,
ನೀವು ಅರ್ಹರಾ ಅಂತ ನೋಡಬೇಕು."
ಅರ್ಹ.
ಎಸ್ಸೆಸ್ಸೆಲ್ಸಿಯ ನಂತರ ನನ್ನ ಬಗ್ಗೆ ಯಾರೂ ಆ ಶಬ್ದ ಎತ್ತಿರಲಿಲ್ಲ.
ಆವಾಗಲೂ ಗಣಿತದಲ್ಲಿ ಹೋಗಿತ್ತು.

ಮೊದಲು ಕೈ. ಮುಂಗೈ ಮೇಲೆ ಎರಡು ಸಾಲು ಹನಿ,
ಹನಿಗೊಂದು ಚುಚ್ಚು. ಬೆಕ್ಕು, ಜಿರಳೆ, ಬೂಸ್ಟು, ಹುಲ್ಲಿನ ಪರಾಗ.
ಕಾಲು ಗಂಟೆ ಕಳೆದು ನೋಡಿದರೆ
ಹಾಸಿಗೆಯ ಧೂಳುಹುಳ ಇಟ್ಟಲ್ಲಿ ನಾಲ್ಕಾಣೆ ಅಗಲಕ್ಕೆ ಎದ್ದಿದೆ.
ಕಣ್ಣಿಗೇ ಕಾಣದ ಹುಳ! ಅದಕ್ಕಾಗಿ ವೇದಾವತಿ
ತಲೆದಿಂಬು ಬಿಸಿಲಿಗೆ ಹಾಕಿದ್ದೇನು, ಪರದೆ ಕಿತ್ತದ್ದೇನು,
ಮದುವೆಯ ಹತ್ತಿ ಹಾಸಿಗೆಯನ್ನು
ಒಂದು ಮಾತಿಲ್ಲದೆ ಅಣ್ಣನ ಮನೆಗೆ ಸಾಗಿಸಿದ್ದೇನು.

ಆಮೇಲೆ ಪಂಪು ಎಳೆದು ತೋರಿಸಬೇಕು.
ಎಳೆದೆ. ತಪ್ಪಂತೆ. ಹನ್ನೊಂದು ವರ್ಷದ ತಪ್ಪು.
ಮೂರು ತಿಂಗಳು ಸರಿಯಾಗಿ ಎಳೆಯಿರಿ,
ಆಗಲೂ ಹಿಡಿತಕ್ಕೆ ಬಾರದಿದ್ದರೆ ಮುಂದೆ ನೋಡುವ.
ಎಳೆದೆ, ಬಾಯಿ ಮುಕ್ಕಳಿಸಿದೆ, ಕ್ಯಾಲೆಂಡರಿಗೆ ಗೀಟು ಹಾಕಿದೆ.
ಬರಲಿಲ್ಲ.
ಬಾರದ್ದಕ್ಕೆ ಒಳಗೊಳಗೇ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ.

ವಿಸಿಲು ಊದುವುದು ಬಿಟ್ಟು ಮೂರು ವರ್ಷ.
ಈಗ ಬಸ್ಸಿನ ತಗಡು ತಟ್ಟುತ್ತೇನೆ: ಒಂದಕ್ಕೆ ನಿಲ್ಲು, ಎರಡಕ್ಕೆ ಪೋಯಿ.
"ದಮ್ಮು ಇದ್ದವನಿಗೇ ದಮ್ಮಿಲ್ಲ ಮಾರಾಯ,"
ಡ್ರೈವರ್ ಫೆಲಿಕ್ಸ್ ಕನ್ನಡಿಯಲ್ಲಿ ನಗುತ್ತಾನೆ,
ನಕ್ಕು, ನನ್ನ ಮುಖವನ್ನೇ ಒಂದು ಸ್ಟಾಪು ದೂರ ನೋಡುತ್ತಾನೆ.

"ವರ್ಷದಲ್ಲಿ ಎಷ್ಟು ಸಲ ಜೋರಾಯಿತು? ಚೀಟಿ ಉಂಟಾ?"
ಚೀಟಿ ಎರಡು. ಆಟಿಯ ಮಳೆಯಲ್ಲೊಂದು;
ಇನ್ನೊಂದು, ಪಂಪ್‌ವೆಲ್ಲಿನಿಂದ ಪ್ಯಾಸೆಂಜರು ಸಮೇತ
ಫೆಲಿಕ್ಸ್ ಬಸ್ಸನ್ನೇ ಆಸ್ಪತ್ರೆ ಗೇಟಿಗೆ ತಂದು ನಿಲ್ಲಿಸಿದ ದಿನದ್ದು.
ಉಳಿದ ಐದು?
ರಾತ್ರಿ ಎರಡೂವರೆಗೆ ಅಡುಗೆಮನೆ ಕಿಟಕಿಯ ಸರಳು ಹಿಡಿದು
ಮೊದಲ ಟ್ರಿಪ್ಪು ತಪ್ಪಬಾರದೆಂದು ಯಾರನ್ನೂ ಎಬ್ಬಿಸದೆ ಕಳೆದವು.
ಅವೆಲ್ಲ ಟಿಕೆಟಿಲ್ಲದ ಪ್ರಯಾಣ.
ಟಿಕೆಟ್ ಎಲ್ಲಿ ಎಂದು ಊರಿಗೇ ಜೋರು ಮಾಡಿದವನು ನಾನು.

ಎರಡು ಸಾಕಂತೆ.

ರಕ್ತದ ಅಂಕಿ ಎಂಟುನೂರ ಅರವತ್ತು. ತೂಕ ಎಂಬತ್ತೆರಡು.
ಡಾಕ್ಟರ ಬೆರಳು ಇಳಿಯಿತು, ಅಡ್ಡ ಸರಿಯಿತು, ನಿಂತಿತು.
ಆ ಚೌಕದಲ್ಲಿ ಏನೂ ಇಲ್ಲ. ಬರೀ ಗೀಟು.
"ಎರಡು ಕಿಲೋ ಹೆಚ್ಚಾಯಿತಲ್ಲ."
ಆ ಎರಡು ಕಿಲೋ ನನ್ನದಲ್ಲ ಡಾಕ್ಟ್ರೇ,
ಪ್ರತಿ ಸಲ ಜೋರಾದಾಗ ನೀವೇ ಕೊಟ್ಟ ಬಿಳಿ ಮಾತ್ರೆಯದ್ದು,
ಮುಖ ಬೊಂಡದಷ್ಟು ದುಂಡಗೆ ಮಾಡಿದ್ದು.
ಎರಡು ರೂಪಾಯಿ ಕಮ್ಮಿ ಬಿದ್ದ ಶಾಲೆಯ ಮಕ್ಕಳಿಗೆ,
ಮೀನಿನ ಬುಟ್ಟಿಯವರಿಗೆ, ಕುಡಿದವರಿಗೂ
"ಇರಲಿ, ನಾಳೆ ಕೊಡಿ" ಎಂದಿದ್ದೇನೆ.
ಈ ಪಟ್ಟಿಯಲ್ಲಿ ನಾಳೆ ಇಲ್ಲ.

ಆಗ ಬಾಗಿಲಲ್ಲಿ ನರ್ಸ್ ಜೆಸಿಂತಾ:
"ಇವರು ಬ್ಯಾಗು ಸಮೇತ ಹತ್ತಿದ್ದರು ಡಾಕ್ಟ್ರೇ."
ಹೌದಲ್ಲ! ಟ್ರಿಪ್ಪಿನ ನಡುವೆ ಓಡಿ ಬಂದವನು,
ಹೆಗಲಿನದ್ದು ಹೆಗಲಿಗೇ ಗೊತ್ತಿಲ್ಲ.
ಇಳಿಸಿದೆ. ಬೆಳಗಿನಿಂದ ಸೇರಿದ ಚಿಲ್ಲರೆ, ಟಿಕೆಟ್ ಮೆಷಿನು, ನೀರಿನ ಬಾಟ್ಲಿ.
ಎಂಬತ್ತೂ ಕಾಲು.
ಚಪ್ಪಲಿ ಬಿಚ್ಚಿದೆ. ಬೆಲ್ಟು. ಕಿಸೆಯ ಮೊಬೈಲು.
ಊದದಿದ್ದರೂ ಜೊತೆಗಿಟ್ಟುಕೊಂಡ ಪಿತ್ತಾಳೆ ವಿಸಿಲು.
ಮುಳ್ಳು ಎಂಬತ್ತರ ಗೆರೆಯ ಹತ್ತಿರ ನಡುಗುತ್ತಿದೆ.

"ಉಸಿರು ಹಿಡಿಯಬೇಡಿ, ಬಿಡಿ," ಅಂದರು.
ಬಿಡುವುದೇ ತಾನೆ ಕಷ್ಟ? ಎಳೆಯಲಿಕ್ಕೆ ನನಗೆ ಯಾವತ್ತೂ ಬರುತ್ತಿತ್ತು.
ಬಿಟ್ಟೆ.
ಎದೆಯೊಳಗಿಂದ ಉದ್ದಕ್ಕೆ ಒಂದು ವಿಸಿಲು ಬಂತು.
ಮೂವರೂ ಮುಳ್ಳು ನೋಡುತ್ತ
ಎರಡನೆಯದಕ್ಕೆ ಕಾದೆವು.